ಕಲ್ಲಚ್ಚು, ಜೆರಾಕ್ಸು ಮತ್ತು ನಮ್ಮ ಮಕ್ಕಳ ವರದಿ

ಕನ್ನಡದ ಮೊಟ್ಟಮೊದಲ ವೃತ್ತಪತ್ರಿಕೆ ಯಾವುದು ಎಂದು ನಮ್ಮ ಸಂಘದ ಕ್ವಿಜ್ ಕಾರ್ಯಕ್ರಮದಲ್ಲಿ ಕೇಳಿದರೆ, ಹಿಂದಿನ ಸಾಲಿನಲ್ಲಿ ಕಾಫಿ ಕುಡಿಯುತ್ತ ನಿಂತವರೂ ‘ಮಂಗಳೂರ ಸಮಾಚಾರ’ ಎಂದು ಕೂಗುತ್ತಾರೆ. ಇಸವಿ 1843, ಸಂಪಾದಕರು ಹರ್ಮನ್ ಮೋಗ್ಲಿಂಗ್ ಎಂಬುದೂ ಅನೇಕರಿಗೆ ಬಾಯಿಪಾಠ. ಅಲ್ಲಿಗೆ ಪಾಯಿಂಟು ಬಂತು, ಪ್ರಶ್ನೆ ಮುಗಿಯಿತು. ಆ ಪತ್ರಿಕೆಯಲ್ಲಿ ಏನಿತ್ತು, ಅದನ್ನು ಕಲ್ಲಿನಿಂದ ಅಚ್ಚು ಹಾಕಿದ್ದೇಕೆ, ಅದು ವರ್ಷ ತುಂಬುವ ಮೊದಲೇ ಊರನ್ನೂ ಹೆಸರನ್ನೂ ಬದಲಾಯಿಸಿದ್ದೇಕೆ ಎಂಬ ಮುಂದಿನ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ನಮಗೂ ಇವು ಹೊಳೆದದ್ದು ಫಾಸ್ಟರ್ ಸಿಟಿಯಲ್ಲಿ ಶನಿವಾರ ಬೆಳಿಗ್ಗೆ ಕನ್ನಡ ಕಲಿಯಲು ಬರುವ ಆರು, ಏಳು, ಎಂಟನೆಯ ಕ್ಲಾಸಿನ ಮಕ್ಕಳಿಗೆ ಸುದ್ದಿ ಬರೆಯುವುದನ್ನು ಹೇಳಿಕೊಡಲು ಹೊರಟ ಮೇಲೆಯೇ.

ಸುದ್ದಿಯನ್ನೇ ಏಕೆ ಆರಿಸಿಕೊಂಡಿರಿ ಎಂದು ಕೆಲವು ತಾಯಂದಿರು ಕೇಳಿದ್ದುಂಟು. ಉತ್ತರ ಸುಲಭ. ಈ ವಯಸ್ಸಿನ ಮಕ್ಕಳಿಗೆ ಕನ್ನಡದಲ್ಲಿ ಪ್ರಬಂಧ ಬರೆಯಿರಿ ಎಂದರೆ ‘ಹಸು ಒಂದು ಸಾಧು ಪ್ರಾಣಿ’ ಎಂದು ಶುರುಮಾಡಿ ಐದನೆಯ ಸಾಲಿಗೆ ಪೆನ್ಸಿಲ್ ಕಚ್ಚುತ್ತ ಕೂರುತ್ತವೆ. ಹಸುವನ್ನು ಕಂಡೇ ಇಲ್ಲದ ಮಕ್ಕಳು, ಪಾಪ, ಇನ್ನೇನು ಬರೆದಾವು? ಸುದ್ದಿಯಾದರೆ ಹಾಗಲ್ಲ. ಅದಕ್ಕೆ ಹತ್ತು ಸಾಲು ಸಾಕು. ಆದರೆ ಆ ಹತ್ತು ಸಾಲಿಗಾಗಿ ನಾಲ್ಕು ಜನರನ್ನು ಮಾತನಾಡಿಸಬೇಕು. ಮಾತನಾಡಿಸುವುದು ಕನ್ನಡದಲ್ಲಿ ಎಂಬುದು ನಮ್ಮ ಷರತ್ತು. ಮನೆಯಲ್ಲಿ ‘ಊಟ ಆಯ್ತಾ’ ಎಂದರೆ ‘ಯಾ’ ಎನ್ನುವ ಹುಡುಗ, ಊರಿಂದ ಬಂದ ತಾತನ ಎದುರು ನೋಟ್‌ಬುಕ್ ಹಿಡಿದು ‘ನೀವು ಯಾವ ಇಸವಿಯಲ್ಲಿ ಹುಟ್ಟಿದಿರಿ?’ ಎಂದು ಕೇಳಲೇಬೇಕಾಗುತ್ತದೆ.

ಇನ್ನು ಮಂಗಳೂರಿಗೆ ಬರೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ 1811ರಲ್ಲಿ ಹುಟ್ಟಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ್ದ ಮೋಗ್ಲಿಂಗ್ 1836ರಲ್ಲಿ ಅಲ್ಲಿಗೆ ಬಂದು ಸೇರಿಕೊಂಡರು. ಬಲ್ಮಠದಲ್ಲಿ 1841ರಲ್ಲಿ ಒಂದು ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಎರಡು ವರ್ಷದ ನಂತರ, 1843ನೆಯ ಇಸವಿ ಜುಲೈ 1ರಂದು, ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಟಿತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಊರಿನ ವರ್ತಮಾನ, ಸರಕಾರದ ನಿರೂಪಗಳು, ಬೇರೆ ಬೇರೆ ರಾಜ್ಯಗಳ ವರ್ತಮಾನ, ಆಶ್ಚರ್ಯದ ಸುದ್ದಿಗಳು, ನೀತಿಯ ಮಾತು, ಕಥೆ ಎಂದು ವಿಭಾಗಗಳು. ಇಂದಿನ ಯಾವುದೇ ಪತ್ರಿಕೆಯನ್ನು ಬಿಡಿಸಿ ನೋಡಿ, ಈ ಅಡಿಗೆಯ ಸಾಮಾನಿನಲ್ಲಿ ಹೆಚ್ಚು ಬದಲಾವಣೆ ಆಗಿಲ್ಲ. ಮತಪ್ರಚಾರಕ್ಕೆಂದೇ ಬಂದವರು ನಡೆಸಿದ ಪತ್ರಿಕೆ ಎಂಬುದನ್ನು ಮಕ್ಕಳಿಂದ ನಾವು ಮುಚ್ಚಿಡಲಿಲ್ಲ. ಪತ್ರಿಕೆಯನ್ನು ಯಾರು ನಡೆಸುತ್ತಾರೆ, ಅವರಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳುವುದೂ ಓದುವ ಕೆಲಸದ ಒಂದು ಭಾಗ. ಆದರೆ ಅದೇ ಮನುಷ್ಯ ಕನ್ನಡ ಕಾವ್ಯಗಳ ತಾಳೆಯೋಲೆಗಳನ್ನು ಸಂಗ್ರಹಿಸಿ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು, 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು ಎಂಬುದನ್ನೂ ಹೇಳಿದೆವು. ಎರಡೂ ನಿಜ, ಎರಡನ್ನೂ ಬರೆದುಕೊಳ್ಳಿ ಎಂದೆವು.

ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಅದೇ ದಿನ ಭಾರತದಲ್ಲಿ ವೈದ್ಯರ ದಿನವೂ ಹೌದು, ಡಾ. ಬಿ.ಸಿ. ರಾಯ್ ಅವರ ಜನ್ಮದಿನ. ಎರಡು ಕಸುಬಿನವರೂ ಬೇರೆಯವರ ಮನೆಯ ವಿಷಯ ಕೇಳಿಯೇ ಬದುಕುವವರಾದ್ದರಿಂದ ಇದು ಸರಿಯಾಗಿಯೇ ಇದೆ ಎಂದು ನಮ್ಮ ಅಭಿಪ್ರಾಯ.

ಮಕ್ಕಳಿಗೆ ಅತ್ಯಂತ ಹಿಡಿಸಿದ್ದು ಕಲ್ಲಚ್ಚಿನ ಕಥೆ. ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ 1796ರಲ್ಲಿ ಕಂಡುಹಿಡಿದ ಉಪಾಯ ಇದು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುವುದು. ನಂತರ ಕಲ್ಲನ್ನು ನೀರಿನಿಂದ ಒದ್ದೆ ಮಾಡುವುದು. ಬರೆದ ಕಡೆ ಜಿಡ್ಡು ಇರುವುದರಿಂದ ಅಲ್ಲಿ ನೀರು ನಿಲ್ಲುವುದಿಲ್ಲ. ಮೇಲೆ ಅಚ್ಚಿನ ಮಸಿಯ ರೂಲು ಓಡಿಸಿದರೆ, ಒದ್ದೆಯಾದ ಕಡೆ ಮಸಿ ಹಿಡಿಯದೆ ಅಕ್ಷರಕ್ಕೆ ಮಾತ್ರ ಹಿಡಿಯುತ್ತದೆ. ಕಾಗದ ಒತ್ತಿದರೆ ಪುಟ ಸಿದ್ಧ. ಒಂದೇ ತೊಂದರೆ, ಕಲ್ಲಿನ ಮೇಲೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಇರಬೇಕು. ನೇರವಾಗಿ ಹಾಗೆ ಬರೆಯುವ ಕೈಗಾರರು ಇರಬೇಕು, ಇಲ್ಲವೇ ವಿಶೇಷ ಕಾಗದದ ಮೇಲೆ ಸರಿಯಾಗಿ ಬರೆದು ಅದನ್ನು ಕಲ್ಲಿಗೆ ಒತ್ತಿ ಇಳಿಸಬೇಕು. ನಾವು ಕ್ಲಾಸಿನಲ್ಲಿ ‘ಮಂಗಳೂರ ಸಮಾಚಾರ’ ಎಂಬ ಎರಡೇ ಪದಗಳನ್ನು ತಿರುಗಿಸಿ ಬರೆಯಲು ಹೇಳಿದೆವು. ‘ಳೂ’ ಎಂಬಲ್ಲಿಗೆ ಬರುವಷ್ಟರಲ್ಲಿ ಅರ್ಧ ಕ್ಲಾಸು ಕೈಚೆಲ್ಲಿತು. ನಾಲ್ಕು ಪುಟ, ತಿಂಗಳಿಗೆ ಎರಡು ಸಲ! ಇನ್ನು ಮುಂದೆ ಕಾಗುಣಿತ ಕಷ್ಟವೆಂದು ಯಾರೂ ಗೊಣಗಲಿಕ್ಕಿಲ್ಲ ಎಂದುಕೊಂಡೆವು. ಗೊಣಗುತ್ತಾರೆ.

ಕಲ್ಲಚ್ಚಿನಲ್ಲಿ ಅಚ್ಚಿನ ಮೊಳೆಗಳೇ ಬೇಡ. ಯಂತ್ರಕ್ಕೆ ಅದು ಕನ್ನಡವೋ ಜರ್ಮನ್ನೋ ಗೊತ್ತಿಲ್ಲ. ಇಡೀ ಪುಟ ಅದಕ್ಕೆ ಒಂದು ಚಿತ್ರ. ನಿಮ್ಮ ಕೈಯಲ್ಲಿರುವ ಈ ಸುದ್ದಿಪತ್ರದ ಜೆರಾಕ್ಸಿನ ಗುಟ್ಟೂ ಅದೇ ತಾನೆ? ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ 1938ರಲ್ಲಿ ಚೆಸ್ಟರ್ ಕಾರ್ಲ್‌ಸನ್ ಮೊದಲ ಒಣಪ್ರತಿ ತೆಗೆದಾಗ ಕನ್ನಡದ ಒತ್ತಕ್ಷರಗಳ ಬಗ್ಗೆ ಯೋಚಿಸಿರಲಾರ. ಆದರೂ ಈ ದೇಶಕ್ಕೆ ಮೊದಲು ಬಂದ ಕನ್ನಡಿಗರು ಕೈಬರಹದಲ್ಲಿ ಸುದ್ದಿಪತ್ರ ಬರೆದು ಆಫೀಸಿನ ಕಾಪಿ ಮೆಷಿನ್ನಿನಲ್ಲಿ (ಯಾರೂ ಇಲ್ಲದ ಹೊತ್ತು ನೋಡಿ) ಪ್ರತಿ ತೆಗೆದದ್ದು ಮೋಗ್ಲಿಂಗರು ಮಾಡಿದ ಕೆಲಸವೇ. ‘ಬರಹ’ ತಂತ್ರಾಂಶ 1998ರಲ್ಲಿ ಬಂದ ಮೇಲೆ ನಮ್ಮಂಥವರ ಅಕ್ಷರ ಯಾರೂ ನೋಡದ ಹಾಗಾಯಿತು. ವೈದ್ಯರ ಕೈಬರಹದಿಂದ ಓದುಗರು ಪಾರಾದರು ಎಂದೂ ಹೇಳಬಹುದು.

‘ಮಂಗಳೂರ ಸಮಾಚಾರ’ 1844ರ ಮೊದಲ ತಿಂಗಳುಗಳವರೆಗೆ ಮಾತ್ರ ಮಂಗಳೂರಿನಲ್ಲಿ ನಡೆಯಿತು. ಆಮೇಲೆ ಅಚ್ಚಿನ ಮೊಳೆಗಳಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂದಾಯಿತು. ಹೆಸರಿನಲ್ಲಿ ಊರು ಹೋಗಿ ಭಾಷೆ ಬಂದದ್ದನ್ನು ಗಮನಿಸಿ. ಮದರಾಸು, ಮೈಸೂರು, ಮುಂಬಯಿ, ನಿಜಾಮರ ಸೀಮೆ, ಕೊಡಗು ಎಂದು ಹರಿದು ಹಂಚಿಹೋಗಿದ್ದ ನಾಡಿನಲ್ಲಿ, 1844ರಷ್ಟು ಹಿಂದೆಯೇ, ಓದುವವರನ್ನು ಊರಿನಿಂದಲ್ಲದೆ ಭಾಷೆಯಿಂದ ಗುರುತಿಸಿದ ಹೆಸರು ಇದು. ಏಕೀಕರಣದ ಮಾತು ಬರುವುದು ಎಷ್ಟೋ ವರ್ಷ ಆಮೇಲೆ.

ಮಕ್ಕಳಿಗೆ ಇದೆಲ್ಲ ಅಜ್ಜಿಕಥೆಯಂತೆ ದೂರ ಅನ್ನಿಸದಿರಲಿ ಎಂದು ನಾವು ಇಲ್ಲಿನ ಲೆಕ್ಕವನ್ನೂ ಕೊಟ್ಟೆವು. ಕ್ಯಾಲಿಫೋರ್ನಿಯಾದ ಮೊದಲ ಪತ್ರಿಕೆ ‘ದಿ ಕ್ಯಾಲಿಫೋರ್ನಿಯನ್’ ಮಾಂಟೆರೆಯಲ್ಲಿ ಹೊರಟದ್ದು 1846ನೆಯ ಆಗಸ್ಟ್ 15ರಂದು. ಅಂದರೆ ನಮ್ಮ ಕನ್ನಡ ಪತ್ರಿಕೆ ಈ ರಾಜ್ಯದ ಮೊದಲ ಪತ್ರಿಕೆಗಿಂತ ಮೂರು ವರ್ಷ ದೊಡ್ಡದು! ಈ ಮಾತಿಗೆ ಕ್ಲಾಸಿನಲ್ಲಿ ಚಪ್ಪಾಳೆ ಬಿತ್ತು. ಅಲ್ಲಿಯೂ ಸಂಪಾದಕರಲ್ಲಿ ಒಬ್ಬ ಪಾದ್ರಿ, ನೌಕಾದಳದ ವಾಲ್ಟರ್ ಕೋಲ್ಟನ್. ಇನ್ನೊಬ್ಬ ರಾಬರ್ಟ್ ಸೆಂಪಲ್, ಹಲ್ಲಿನ ವೈದ್ಯ. ಅವರಿಗೆ ಸಿಕ್ಕಿದ್ದು ಮೆಕ್ಸಿಕೋ ಸರಕಾರದ ಕಾಲದ ಹಳೆಯ ಮುದ್ರಣಯಂತ್ರ. ಮೊಳೆಗಳು ಸ್ಪ್ಯಾನಿಷ್ ಭಾಷೆಗೆಂದು ತಂದವು. ಸ್ಪ್ಯಾನಿಷ್‌ನಲ್ಲಿ ‘ಡಬ್ಲ್ಯೂ’ ಅಕ್ಷರದ ಬಳಕೆ ಇಲ್ಲ. ಇಂಗ್ಲಿಷ್ ಬರೆಯುವುದು ಹೇಗೆ? ಎರಡು ‘ವಿ’ಗಳನ್ನು ಪಕ್ಕಪಕ್ಕ ಜೋಡಿಸಿ ಕೆಲಸ ಸಾಗಿಸಿದರು. ಲಿಪಿಗೆ ತಕ್ಕ ಮೊಳೆ ಇಲ್ಲದ ಕಷ್ಟ ಕನ್ನಡಕ್ಕೆ ಮಾತ್ರ ಎಂದುಕೊಂಡಿದ್ದ ಮಕ್ಕಳಿಗೆ ಇಂಗ್ಲಿಷಿಗೂ ಆ ಗತಿ ಬಂದಿತ್ತು ಎಂದು ತಿಳಿದು ಬಹಳ ಖುಷಿಯಾಯಿತು.

ಅದೇ ಪತ್ರಿಕೆ 1847ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. 1848ನೆಯ ಮಾರ್ಚ್ 15ರ ಸಂಚಿಕೆಯಲ್ಲಿ ಸಟರ್‌ನ ಮರ ಕೊಯ್ಯುವ ಗಿರಣಿಯ ಹತ್ತಿರ ಚಿನ್ನ ಸಿಕ್ಕಿದೆ ಎಂದು ಒಂದು ಸಣ್ಣ ಸುದ್ದಿ ಹಾಕಿತು. ಇಡೀ ರಾಜ್ಯದ ಹಣೆಬರಹ ಬದಲಾಯಿಸಿದ ಸುದ್ದಿ ಅದು! ಮೇ ತಿಂಗಳ ಕೊನೆಗೆ ಪತ್ರಿಕೆಯೇ ನಿಂತುಹೋಯಿತು. ಕೆಲಸಗಾರರೂ ಓದುಗರೂ ಚಿನ್ನ ಹುಡುಕಲು ಗುಡ್ಡಕ್ಕೆ ಓಡಿದ್ದರು. ಯಾವ ಸುದ್ದಿ ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಇನ್ನು ಪಾಠದ ವಿಷಯ. ಇಲ್ಲಿನ ಮಿಡ್ಲ್ ಸ್ಕೂಲುಗಳಲ್ಲಿ ಸುದ್ದಿಯ ಆರು ಪ್ರಶ್ನೆಗಳನ್ನು ‘ಐದು ಡಬ್ಲ್ಯೂ, ಒಂದು ಎಚ್’ ಎಂದು ಹೇಳಿಕೊಡುತ್ತಾರೆ. ಕನ್ನಡದಲ್ಲಿ ಅವು ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಬೋರ್ಡಿನ ಮೇಲೆ ಬರೆದಾಗ ಒಬ್ಬ ಹುಡುಗಿ ಕಂಡುಹಿಡಿದಳು: ನಮ್ಮಲ್ಲೂ ಐದು ‘ಯ’, ‘ಎ’, ‘ಏ’ಗಳಿಂದ ಶುರು, ಆರನೆಯದು ಮಾತ್ರ ‘ಹ’. ಇಂಗ್ಲಿಷಿನ ಹಾಗೆಯೇ! ಕಾಕತಾಳೀಯವೇ ಇರಬಹುದು, ಆದರೆ ಆ ದಿನದಿಂದ ಆರು ಪ್ರಶ್ನೆಗಳನ್ನು ಯಾರೂ ಮರೆತಿಲ್ಲ. ಮುಖ್ಯವಾದುದು ಮೊದಲ ಸಾಲಿನಲ್ಲೇ ಬರಲಿ, ವಿವರ ಕೆಳಗೆ ಎಂಬುದು ಎರಡನೆಯ ಪಾಠ. ಇದು ವೈದ್ಯರಿಗೆ ಹೊಸದಲ್ಲ. ಡ್ಯೂಟಿ ಮುಗಿಸಿ ಹೋಗುವ ರೆಸಿಡೆಂಟು ಬರುವವರಿಗೆ ರೋಗಿಯ ವಿಷಯ ಹೇಳುವಾಗ ‘ಅರವತ್ತು ವರ್ಷದ ಹೆಂಗಸು, ಎರಡು ಗಂಟೆಯಿಂದ ಎದೆನೋವು’ ಎಂದು ಶುರುಮಾಡಬೇಕೇ ಹೊರತು ಆಕೆಯ ಬಾಲ್ಯದ ಗದ್ದಕಟ್ಟಿನಿಂದಲ್ಲ. ನಮ್ಮ ಜನ ಕಥೆ ಹೇಳುವ ರೀತಿ ಇದಕ್ಕೆ ಉಲ್ಟಾ. ‘ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಪೇಪರ್ ನೋಡ್ತಾ ಇದ್ದೆನಾ...’ ಎಂದು ಶುರುವಾಗಿ, ಮನೆಗೆ ಬೆಂಕಿ ಬಿದ್ದದ್ದು ಕೊನೆಗೆ ಗೊತ್ತಾಗುತ್ತದೆ. ಕಥೆಗೆ ಅದು ಚಂದ. ಸುದ್ದಿಗೆ ಆಗದು.

ಮೂರನೆಯ ಪಾಠಕ್ಕೆ ಫಾಸ್ಟರ್ ಸಿಟಿಯ ಹೆಬ್ಬಾತುಗಳು ಒದಗಿಬಂದವು. ಈ ಊರಿನ ಪಾರ್ಕುಗಳಲ್ಲಿ ಕೆನಡಾ ಹೆಬ್ಬಾತುಗಳ ಹಿಂಡು, ಅವುಗಳ ಹಿಕ್ಕೆ, ಅದರಿಂದ ಲಗೂನಿನ ನೀರು ಕೆಡುತ್ತದೆ ಎಂಬ ದೂರು ಬಹಳ ಕಾಲದಿಂದ ಇದೆ. 2022ರಲ್ಲಿ ನೂರರಷ್ಟು ಹೆಬ್ಬಾತುಗಳನ್ನು ಕೊಲ್ಲಲು ಅನುಮತಿ ಕೇಳುವ ಮಾತು ನಗರಸಭೆಯಲ್ಲಿ ಬಂದು ದೊಡ್ಡ ವಿರೋಧವಾಯಿತು. ಒಬ್ಬ ಹುಡುಗ ಬರೆದ: ‘ಫಾಸ್ಟರ್ ಸಿಟಿಯಲ್ಲಿ ಎಲ್ಲರಿಗೂ ಹೆಬ್ಬಾತು ಕಂಡರೆ ಆಗುವುದಿಲ್ಲ.’ ಎಲ್ಲರೂ ಎಂದರೆ ಎಷ್ಟು ಜನರನ್ನು ಕೇಳಿದೆ ಎಂದೆವು. ‘ನಮ್ಮ ಡ್ಯಾಡಿ’ ಎಂದ. ಮಾರನೆಯ ವಾರ ಹನ್ನೊಂದು ಜನರನ್ನು ಕೇಳಿಕೊಂಡು ಬಂದ; ಅವರಲ್ಲಿ ನಾಲ್ವರು ಹೆಬ್ಬಾತುಗಳ ಪರ. ಅವನ ವಾಕ್ಯ ‘ನಾವು ಮಾತನಾಡಿಸಿದ 11 ಜನರಲ್ಲಿ 7 ಜನ’ ಎಂದು ಬದಲಾಯಿತು. ಮೊದಲಿನ ವಾಕ್ಯದ ಠೀವಿ ಇದಕ್ಕಿಲ್ಲ ಎಂದು ಅವನಿಗೆ ಬೇಸರ. ಇನ್ನೊಬ್ಬಳು ಕೊಲ್ಲಿಯ ದಂಡೆಯ ತಡೆಗೋಡೆಗೆ ‘ತುಂಬಾ ದುಡ್ಡು’ ಖರ್ಚಾಯಿತು ಎಂದು ಬರೆದಿದ್ದಳು. ಬ್ರೂವರ್ ದ್ವೀಪದ ಜೌಗಿಗೆ ಮಣ್ಣು ತುಂಬಿ ಟಿ. ಜ್ಯಾಕ್ ಫಾಸ್ಟರ್ ಕಟ್ಟಿಸಿದ ಊರು ಇದು. ನಗರವೆಂದು ನೋಂದಣಿಯಾದದ್ದು 1971ರಲ್ಲಿ. ತಡೆಗೋಡೆ ಇಲ್ಲದೆ ಇದಕ್ಕೆ ಉಳಿಗಾಲವಿಲ್ಲ. 2018ರ ಜೂನ್‌ನಲ್ಲಿ ಮತದಾರರು ಒಪ್ಪಿದ ‘ಮೆಷರ್ ಪಿ’ಯ ಸಾಲಪತ್ರದ ಮೊತ್ತ 9 ಕೋಟಿ ಡಾಲರ್ ಎಂದು ಲೈಬ್ರರಿಯಲ್ಲಿ ಹುಡುಕಿ ತಂದಳು. ‘ತುಂಬಾ’ ಎಂಬ ಪದ ಅಂದಿನಿಂದ ನಮ್ಮ ಕ್ಲಾಸಿನಲ್ಲಿ ನಿಷಿದ್ಧ.

ಇದೇ ಊರಿನಲ್ಲಿ ನಾವೆಲ್ಲ ವಾಕಿಂಗ್ ಹೋಗುವ, ಮಕ್ಕಳು ಸೈಕಲ್ ಕಲಿತ ಲಿಯೋ ರಯಾನ್ ಪಾರ್ಕಿನ ಹೆಸರು ಯಾರದ್ದೆಂದು ಕೇಳಿದೆವು. ಒಬ್ಬರಿಗೂ ಗೊತ್ತಿರಲಿಲ್ಲ. ದೊಡ್ಡವರಲ್ಲೂ ಎಷ್ಟು ಜನರಿಗೆ ಗೊತ್ತೋ! ಲಿಯೋ ರಯಾನ್ ಈ ಭಾಗವನ್ನು ಪ್ರತಿನಿಧಿಸಿದ ಕಾಂಗ್ರೆಸ್ ಸದಸ್ಯ. ಅದಕ್ಕೂ ಮೊದಲು ಶಾಲಾ ಮಾಸ್ತರು. ಜಿಮ್ ಜೋನ್ಸ್ ಎಂಬವನ ‘ಪೀಪಲ್ಸ್ ಟೆಂಪಲ್’ ಪಂಥದ ಒಳಗಿನ ಹಿಂಸೆಯನ್ನು 1977ರಲ್ಲಿ ‘ನ್ಯೂ ವೆಸ್ಟ್’ ಪತ್ರಿಕೆಯಲ್ಲಿ ಮಾರ್ಷಲ್ ಕಿಲ್ಡಫ್ ಮತ್ತು ಫಿಲ್ ಟ್ರೇಸಿ ಬಯಲಿಗೆಳೆದರು. ಪಂಥ ಬಿಟ್ಟು ಬಂದವರು ಹೆಸರು ಕೊಟ್ಟು ಮಾತನಾಡಿದ್ದರು. ಜೋನ್ಸ್ ತನ್ನ ಜನರೊಂದಿಗೆ ಗಯಾನಾ ದೇಶದ ಕಾಡಿನಲ್ಲಿದ್ದ ಜೋನ್ಸ್‌ಟೌನ್‌ಗೆ ಹೋಗಿ ನೆಲೆಸಿದ. ಅಲ್ಲಿದ್ದವರ ಬಂಧುಗಳ ಗೋಳು ಕೇಳಿ ರಯಾನ್ 1978ರ ನವೆಂಬರ್‌ನಲ್ಲಿ ತಾವೇ ನೋಡಲು ಹೊರಟರು. ಜೊತೆಗೆ ಪತ್ರಕರ್ತರೂ ಹೋದರು. ನವೆಂಬರ್ 18ರಂದು ವಿಮಾನ ಹತ್ತುವ ಜಾಗದಲ್ಲಿ ಗುಂಡಿನ ದಾಳಿಯಾಯಿತು. ರಯಾನ್, ಎನ್‌ಬಿಸಿಯ ವರದಿಗಾರ ಡಾನ್ ಹ್ಯಾರಿಸ್, ಕ್ಯಾಮೆರಾಮನ್ ಬಾಬ್ ಬ್ರೌನ್, ‘ಸ್ಯಾನ್ ಫ್ರಾನ್ಸಿಸ್ಕೋ ಎಗ್ಸಾಮಿನರ್’ನ ಛಾಯಾಗ್ರಾಹಕ ಗ್ರೆಗ್ ರಾಬಿನ್‌ಸನ್ ಮತ್ತು ಪಂಥ ಬಿಟ್ಟು ಹೊರಟಿದ್ದ ಪೆಟ್ರೀಷಿಯಾ ಪಾರ್ಕ್ಸ್ ಸತ್ತರು. ಅದೇ ದಿನ ಜೋನ್ಸ್‌ಟೌನ್‌ನಲ್ಲಿ ಒಂಬೈನೂರಕ್ಕೂ ಹೆಚ್ಚು ಜನ, ಅವರಲ್ಲಿ ನೂರಾರು ಮಕ್ಕಳು, ವಿಷದಿಂದ ಸತ್ತರು. ಇದನ್ನು ಹನ್ನೆರಡು ವರ್ಷದ ಮಕ್ಕಳಿಗೆ ಹೇಳಬೇಕೇ ಎಂದು ನಾವು ನಾಲ್ಕು ಜನ ಬಹಳ ಚರ್ಚೆ ಮಾಡಿದೆವು. ಚಿತ್ರ ತೋರಿಸದೆ, ವಿವರಕ್ಕೆ ಹೋಗದೆ ಹೇಳಿದೆವು. ಮಕ್ಕಳು ಸುಮ್ಮನೆ ಕೇಳಿದವು. ಆಮೇಲೆ ಬಂದ ಮೊದಲ ಪ್ರಶ್ನೆ, ‘ಆ ಫೋಟೋಗ್ರಾಫರ್ ಮಾಮನಿಗೆ ಎಷ್ಟು ವಯಸ್ಸು?’ 27 ವರ್ಷ.

ಬರೆದವರ ಬಾಯಿ ಕಟ್ಟುವ ಚರಿತ್ರೆ ಬಹಳ ಹಳೆಯದು. ಬಾಸ್ಟನ್ನಿನಲ್ಲಿ 1690ರ ಸೆಪ್ಟೆಂಬರ್ 25ರಂದು ಬೆಂಜಮಿನ್ ಹ್ಯಾರಿಸ್ ಹೊರಡಿಸಿದ ‘ಪಬ್ಲಿಕ್ ಅಕರೆನ್ಸಸ್’ ಒಂದೇ ಸಂಚಿಕೆಗೆ ನಿಂತಿತು. ನಾಲ್ಕೇ ದಿನದಲ್ಲಿ ಸರಕಾರ ನಿಷೇಧಿಸಿತು. ಅದರಲ್ಲಿ ಮೂರು ಪುಟ ಅಚ್ಚು, ನಾಲ್ಕನೆಯದು ಖಾಲಿ. ಓದಿದವರು ತಮ್ಮ ಸುದ್ದಿಯನ್ನು ಬರೆದು ಮುಂದಿನವರಿಗೆ ದಾಟಿಸಲಿ ಎಂದು! (ನಮ್ಮ ಮಕ್ಕಳು ತಮ್ಮ ಪತ್ರಿಕೆಗೂ ಹೀಗೆಯೇ ಒಂದು ಖಾಲಿ ಪುಟ ಬೇಕೆಂದು ಹಟ ಹಿಡಿದಿದ್ದಾರೆ. ಕಾಗದ ದಂಡವೆಂದು ಖಜಾಂಚಿಗಳ ಆಕ್ಷೇಪಣೆ ಇದೆ.) ಕಲ್ಕತ್ತೆಯಲ್ಲಿ 1780ರ ಜನವರಿ 29ರಂದು ಭಾರತದ ಮೊದಲ ಪತ್ರಿಕೆ ಹೊರಡಿಸಿದ ಜೇಮ್ಸ್ ಅಗಸ್ಟಸ್ ಹಿಕಿ ಹಡಗಿನಲ್ಲಿ ಶಸ್ತ್ರವೈದ್ಯರ ಸಹಾಯಕನಾಗಿ ಬಂದವನು, ಒಂದು ಲೆಕ್ಕದಲ್ಲಿ ನಮ್ಮ ಕಸುಬಿನವನೇ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಮೇಲೆ ಬರೆದು ಜೈಲಿಗೆ ಹೋದ. 1782ರಲ್ಲಿ ಅವನ ಅಚ್ಚಿನ ಮೊಳೆಗಳನ್ನೇ ವಶಪಡಿಸಿಕೊಂಡರು.

ಮೈಸೂರಿನ ಕಥೆ ನಮಗೆ ಹತ್ತಿರದ್ದು. ‘ತಾತಯ್ಯ’ ಎಂದೇ ಎಲ್ಲರೂ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು (1844–1933) ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರು. ಬೆಳಿಗ್ಗೆ ಪಾಠ, ಸಂಜೆ ಪತ್ರಿಕೆ. ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’, ‘ಸಂಪದಭ್ಯುದಯ’ ಇವೆಲ್ಲ ಅವರು ನಡೆಸಿದ ಪತ್ರಿಕೆಗಳು. ಅನಾಥಾಲಯಕ್ಕಾಗಿ, ಬಡ ವಿದ್ಯಾರ್ಥಿಗಳಿಗಾಗಿ ದುಡಿದ ಅವರನ್ನು ಮಹಾರಾಜರು ‘ದಯಾಸಾಗರ’ ಎಂದು ಗೌರವಿಸಿದರು. ಆದರೆ ಅದೇ ಸಂಸ್ಥಾನ, ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ ವೃತ್ತಪತ್ರಿಕೆಗಳ ಕಾನೂನು ತಂದಿತು: ಸರಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ, ಕೊಟ್ಟ ಅನುಮತಿಯನ್ನು ಬೇಕೆಂದಾಗ ಹಿಂತೆಗೆದುಕೊಳ್ಳಬಹುದು. ಪ್ರತಿಭಟನೆಯಾಗಿ ಹಲವರು ತಮ್ಮ ಪತ್ರಿಕೆಗಳನ್ನು ತಾವೇ ಮುಚ್ಚಿದರು. ಮೈಸೂರು ಅಂದಿನ ದಿನಕ್ಕೆ ಮಾದರಿ ಸಂಸ್ಥಾನ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಮಾದರಿ ಸಂಸ್ಥಾನಕ್ಕೂ ತನ್ನ ಮೇಲೆ ಬರೆಯುವವರು ಸಹನೆಯಾಗಲಿಲ್ಲ ಎಂಬುದನ್ನು ಜೊತೆಗೇ ಹೇಳಬೇಕು. ಆ ಕಾಲದಲ್ಲಿ ಇಪ್ಪತ್ತರ ಆಸುಪಾಸಿನ ಯುವಕರಾಗಿದ್ದ ಡಿ.ವಿ. ಗುಂಡಪ್ಪನವರು 1912ರಲ್ಲಿ ‘ಕರ್ನಾಟಕ’ ಎಂಬ ಪತ್ರಿಕೆ ಆರಂಭಿಸಿದರು. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಕರ್ತರ ಸಮ್ಮೇಳನದ ಅಧ್ಯಕ್ಷರಾದರು. ‘ವೃತ್ತಪತ್ರಿಕೆ’ ಎಂಬ ಅವರ ಪುಸ್ತಕ ಈ ಕಸುಬಿನ ಮೇಲೆ ಕನ್ನಡದಲ್ಲಿ ಬಂದ ಮೊದಮೊದಲ ಪುಸ್ತಕಗಳಲ್ಲಿ ಒಂದು. ಕಗ್ಗದ ಡಿ.ವಿ.ಜಿ. ಮೂಲತಃ ಸುದ್ದಿಗಾರರು ಎಂದಾಗ ಮಕ್ಕಳಿಗಿಂತ ಅವರ ತಂದೆತಾಯಿಗಳೇ ಹೆಚ್ಚು ಆಶ್ಚರ್ಯಪಟ್ಟರು.

ಹೆಂಗಸರ ಕೆಲಸವನ್ನೂ ಹೇಳದಿದ್ದರೆ ಕ್ಲಾಸಿನ ಹುಡುಗಿಯರು ನಮ್ಮನ್ನು ಬಿಡುತ್ತಿರಲಿಲ್ಲ. ನಂಜನಗೂಡಿನ ತಿರುಮಲಾಂಬಾ ತಾವೇ ಬರೆದು, ತಾವೇ ಪತ್ರಿಕೆ ಪ್ರಕಟಿಸಿದವರು. ಬೆಂಗಳೂರಿನ ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಮಾಸಪತ್ರಿಕೆ ಆರಂಭಿಸಿ ನಾಲ್ಕು ದಶಕ ನಡೆಸಿದರು; 1938ರಲ್ಲಿ ಚಾಮರಾಜಪೇಟೆಯ ‘ಮಕ್ಕಳ ಕೂಟ’ವನ್ನು ಕಟ್ಟಿದವರೂ ಅವರೇ. ಇನ್ನೂ ಈಚಿನ ಕಾಲಕ್ಕೆ ಬಂದರೆ, ದುಡಿಯುವ ಮಕ್ಕಳೇ ಸೇರಿ 1990ರಲ್ಲಿ ಕಟ್ಟಿಕೊಂಡ ‘ಭೀಮ ಸಂಘ’ದವರು ‘ಭೀಮ ಪತ್ರಿಕೆ’ ಎಂಬ ಗೋಡೆಪತ್ರಿಕೆ ತಂದರು. ಹೋಟೆಲಿನಲ್ಲಿ ಲೋಟ ತೊಳೆಯುವ, ಹೊಲದಲ್ಲಿ ಕೂಲಿ ಮಾಡುವ ಮಕ್ಕಳ ಸುದ್ದಿ ಗೋಡೆಯ ಮೇಲೆ. ಪತ್ರಿಕೆಗೆ ಚಂದಾ ಕೊಡಲಾಗದವರೂ ನಿಂತು ಓದಬಹುದಲ್ಲ. ಐಪ್ಯಾಡ್ ಹಿಡಿದು ಬರುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸಲು ಒಂದಿಡೀ ಶನಿವಾರ ಹಿಡಿಯಿತು. ಹಿಡಿದದ್ದು ಒಳ್ಳೆಯದೇ ಆಯಿತು.

ಈ ದೇಶದ ಕಾನೂನನ್ನೂ ಸ್ವಲ್ಪ ಹೇಳಿದೆವು. ಅಯೋವಾದ ಡಿಮೊಯಿನ್‌ನಲ್ಲಿ 1965ರ ಡಿಸೆಂಬರ್‌ನಲ್ಲಿ ವಿಯೆಟ್ನಾಂ ಯುದ್ಧದ ವಿಷಯವಾಗಿ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗಿ ಸಸ್ಪೆಂಡ್ ಆದ ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ, ಎಂಟನೆಯ ಕ್ಲಾಸು. 1969ರಲ್ಲಿ ಸುಪ್ರೀಂ ಕೋರ್ಟು 7–2ರಿಂದ ಆಕೆಯ ಪರವಾಗಿ ತೀರ್ಪು ಕೊಟ್ಟಿತು: ಶಾಲೆಯ ಗೇಟಿನ ಒಳಗೆ ಬಂದ ಮಾತ್ರಕ್ಕೆ ಮಾತಿನ ಹಕ್ಕು ಹೋಗುವುದಿಲ್ಲ. ಆದರೆ 1988ರ ಹೇಜಲ್‌ವುಡ್ ತೀರ್ಪು 5–3ರಿಂದ ಶಾಲೆಯ ಪರವಾಯಿತು. ಮಿಸ್ಸೂರಿಯ ಹೈಸ್ಕೂಲೊಂದರ ಪತ್ರಿಕೆಯಿಂದ ಪ್ರಿನ್ಸಿಪಾಲರು 1983ರಲ್ಲಿ ಎರಡು ಪುಟ ತೆಗೆಸಿದ್ದರು. ಒಂದು ಲೇಖನ ಗರ್ಭಿಣಿಯರಾದ ವಿದ್ಯಾರ್ಥಿನಿಯರ ಬಗ್ಗೆ, ಇನ್ನೊಂದು ತಂದೆತಾಯಿಗಳ ವಿಚ್ಛೇದನದ ಬಗ್ಗೆ. ಎರಡನೆಯದರಲ್ಲಿ ಒಬ್ಬ ಹುಡುಗಿ ತಂದೆಯನ್ನು ದೂರಿದ್ದಳು. ತಂದೆಯ ಮಾತು ಕೇಳಿರಲಿಲ್ಲ. ಕ್ಲಾಸಿನಲ್ಲಿ ಮತ ಹಾಕಿಸಿದಾಗ ಪುಟ ತೆಗೆದದ್ದು ತಪ್ಪೆಂದು ಒಂಬತ್ತು ಮಕ್ಕಳು, ತಂದೆಯನ್ನು ಕೇಳದೆ ಬರೆದದ್ದೂ ತಪ್ಪೆಂದು ಅದೇ ಒಂಬತ್ತು ಮಕ್ಕಳು. ಕ್ಯಾಲಿಫೋರ್ನಿಯಾದಲ್ಲಂತೂ 1977ರಿಂದಲೇ ಸರಕಾರಿ ಶಾಲೆಗಳ ವಿದ್ಯಾರ್ಥಿ ಪತ್ರಿಕೆಗಳಿಗೆ ರಕ್ಷಣೆ ಇದೆ. ಶಿಕ್ಷಣ ಸಂಹಿತೆಯ 48907ನೆಯ ಕಲಂ ಎಂದು ಮಕ್ಕಳು ಈಗ ನಂಬರು ಸಮೇತ ಹೇಳುತ್ತಾರೆ.

ಹೇಳಿದ್ದು ನಮಗೇ ತಿರುಗಿ ಬಂತು! ದೀಪಾವಳಿ ಕಾರ್ಯಕ್ರಮದ ವರದಿ ಬರೆಯುವ ಕೆಲಸವನ್ನು ಇಬ್ಬರು ಹುಡುಗಿಯರಿಗೂ ಒಬ್ಬ ಹುಡುಗನಿಗೂ ಕೊಟ್ಟಿದ್ದೆವು. ‘ಕಾರ್ಯಕ್ರಮ ವಿಜೃಂಭಣೆಯಿಂದ ನೆರವೇರಿತು, ರುಚಿಕರವಾದ ಭೋಜನದೊಂದಿಗೆ ಮುಕ್ತಾಯವಾಯಿತು’ ಎಂಬ ನಮ್ಮ ಎಂದಿನ ವರದಿ ಬರುತ್ತದೆ ಎಂದು ಎಲ್ಲರ ನಿರೀಕ್ಷೆ. ಮಕ್ಕಳು ಗಡಿಯಾರ ನೋಡಿ ಬರೆದಿದ್ದರು. ಆಮಂತ್ರಣದಲ್ಲಿ 4 ಗಂಟೆ. ದೀಪ ಬೆಳಗಿದ್ದು 5 ಗಂಟೆ 35 ನಿಮಿಷಕ್ಕೆ. ಭಾಷಣಗಳು 50 ನಿಮಿಷ. ಸಮಯವಿಲ್ಲವೆಂದು ಕೈಬಿಟ್ಟ ಕಾರ್ಯಕ್ರಮ ಎರಡು, ಎರಡೂ ಚಿಕ್ಕ ಮಕ್ಕಳವು. ಕೋಲಾಟದ ವೇಷ ತೊಟ್ಟ ಐದು ವರ್ಷದ ಮಕ್ಕಳು ಹಿಂದಿನ ಕೋಣೆಯಲ್ಲಿ ನಿದ್ದೆ ಹೋಗಿದ್ದವು. ದಾವಣಗೆರೆಯಿಂದ ಬಂದಿದ್ದ ಹಿರಿಯರೊಬ್ಬರ ಹೇಳಿಕೆಯೂ ಇತ್ತು: ‘ನಮ್ಮೂರಾಗ ಇದಕಿಂತ ತಡ ಆಗ್ತತಿ ಬಿಡವ್ವ.’

ಸಮಿತಿಯ ಸಭೆಯಲ್ಲಿ ಇದು ಬಿಸಿ ಚರ್ಚೆಗೆ ಬಂತು. ಮನೆಯ ಮಾತನ್ನು ಬೀದಿಗೆ ತರುವುದೇಕೆ ಎಂದರು ಕೆಲವರು. ಆ ಮಾತಿಗೆ ನಮ್ಮಲ್ಲಿ ಉತ್ತರವಿತ್ತು: ನಡೆದದ್ದನ್ನು ಇನ್ನೂರು ಜನ ಕಣ್ಣಾರೆ ಕಂಡಿದ್ದಾರೆ. ಉತ್ತರ ಸುಲಭವಲ್ಲದ ಮಾತನ್ನು ಹೇಳಿದವರು ಕಾರ್ಯದರ್ಶಿಗಳು. ಕೆಲಸ, ಸಂಸಾರ ಎಲ್ಲ ನೋಡಿಕೊಂಡು, ರಾತ್ರಿ ಹನ್ನೊಂದರ ಮೇಲೆ ಫೋನು ಮಾಡುತ್ತ, ಒಂದು ಡಾಲರ್ ಮುಟ್ಟದೆ ದುಡಿಯುವವರನ್ನು ಮಕ್ಕಳ ಕೈಯಿಂದ ಪರೀಕ್ಷೆ ಮಾಡಿಸಿದರೆ ಮುಂದಿನ ವರ್ಷ ಯಾರು ಮುಂದೆ ಬರುತ್ತಾರೆ, ಎಂದರು. ಅದು ಖಾಲಿ ಬೆದರಿಕೆಯಲ್ಲ. ಸ್ವಯಂಸೇವಕರು ಸಿಗದೆ ಮುಚ್ಚಿದ ಸಂಘಗಳನ್ನು ನಾವು ಕಂಡಿದ್ದೇವೆ. ನಮ್ಮದು ಸರಕಾರಿ ಶಾಲೆಯಲ್ಲ. 48907ನೆಯ ಕಲಂ ನಮ್ಮನ್ನು ಕಟ್ಟುವುದಿಲ್ಲ. ಸಮಿತಿ ಬೇಡವೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ನಾವು ಹಾಕೋಣವೆಂದೆವು. ತಾತಯ್ಯನವರ ಕಥೆ ಹೇಳಿದ ವಾರವೇ ಈ ವರದಿಯನ್ನು ಕಪಾಟಿನಲ್ಲಿಟ್ಟರೆ ಮಕ್ಕಳು ಮುಂದಿನ ಶನಿವಾರ ನಮ್ಮ ಮುಖ ನೋಡುವುದು ಹೇಗೆ? ಆದರೆ ಸುಮ್ಮನೆ ಹಾಕಲಿಲ್ಲ. ಕಾರ್ಯದರ್ಶಿಗಳನ್ನು ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ, ಅದೂ ಊಟ ಬಡಿಸುವ ಗಡಿಬಿಡಿಯಲ್ಲಿ. ಮತ್ತೆ ಹೋಗಿ ಕೂತು ಕೇಳಿ ಬನ್ನಿ ಎಂದು ಕಳಿಸಿದೆವು. ಮುಕ್ಕಾಲು ಗಂಟೆ ಮಾತನಾಡಿಕೊಂಡು ಬಂದರು. ಹಾಲಿನ ಬೀಗ ತೆಗೆಯುವವರು ಬಂದದ್ದೇ 4 ಗಂಟೆ 20ಕ್ಕೆ, ಮೈಕಿನ ವ್ಯವಸ್ಥೆ ಕೆಟ್ಟಿತ್ತು, ಭಾಷಣಕ್ಕೆ ಹತ್ತು ನಿಮಿಷ ಎಂದು ಹೇಳಿದ್ದರೂ ಅತಿಥಿಗಳು ಕೇಳಲಿಲ್ಲ ಎಂಬ ಸಂಗತಿಗಳು ಆಗ ಬಂದವು. ವರದಿಯಲ್ಲಿದ್ದ ‘ಬೇಜವಾಬ್ದಾರಿಯಿಂದ’ ಎಂಬ ಪದವನ್ನು ಬರೆದ ಹುಡುಗಿಯೇ ಹೊಡೆದು ಹಾಕಿದಳು. ಅದನ್ನು ಯಾರು ಹೇಳಿದ್ದೆಂದು ಕೇಳಿದರೆ ತೋರಿಸಲು ಯಾರೂ ಇಲ್ಲ ಎಂದು. ಅಂಕಿಗಳು ಮಾತ್ರ ಒಂದೂ ಬದಲಾಗಲಿಲ್ಲ. ನಿದ್ದೆ ಹೋದ ಕೋಲಾಟದ ಮಕ್ಕಳನ್ನು ಬಿಟ್ಟುಬಿಡಿ ಎಂದು ಹಿರಿಯರೊಬ್ಬರು ಕೊನೆಯ ಕ್ಷಣದವರೆಗೂ ಹೇಳಿದರು. ಅದರಲ್ಲೊಂದು ಮಗು ವರದಿ ಬರೆದ ಹುಡುಗನ ತಂಗಿ. ಅವನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ವರದಿ ಈ ಸಂಚಿಕೆಯ ಹಿಂಬದಿಯಲ್ಲಿದೆ, ಪಕ್ಕದಲ್ಲೇ ಕಾರ್ಯದರ್ಶಿಗಳ ಉತ್ತರವೂ ಇದೆ. ಕೈಬಿಟ್ಟಿದ್ದ ಎರಡೂ ಕಾರ್ಯಕ್ರಮಗಳು ಯುಗಾದಿಯಂದು ಮೊದಲಿಗೆ ಎಂದು ಸಮಿತಿ ತೀರ್ಮಾನಿಸಿದೆ. ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಬರೆದುಕೊಳ್ಳಲು ಇಬ್ಬರು ಆಗಲೇ ಹೆಸರು ಕೊಟ್ಟಿದ್ದಾರೆ. ಮುಂದಿನ ಸಂಚಿಕೆಗೆ ಮಕ್ಕಳ ವಿಷಯ, ‘ನಮ್ಮ ಅಜ್ಜ ಅಜ್ಜಿ ಓದಿದ ಪತ್ರಿಕೆಗಳು’. ‘ತಾಯಿನಾಡು’, ‘ಸಂಯುಕ್ತ ಕರ್ನಾಟಕ’, 1948ರಲ್ಲಿ ಹುಟ್ಟಿದ ‘ಪ್ರಜಾವಾಣಿ’, ಅದರ ‘ಛೂಬಾಣ’ ಇವನ್ನೆಲ್ಲ ಬೆಳಗಿನ ಕಾಫಿಯೊಂದಿಗೆ ಓದಿದ ಹಿರಿಯರು ಈ ಚಳಿಗಾಲದಲ್ಲಿ ಯಾರ ಮನೆಗೆ ಬಂದಿದ್ದಾರೋ ಅವರು ದಯವಿಟ್ಟು ತಿಳಿಸಬೇಕು. ಮೂರು ಜನ ವರದಿಗಾರರು ಶನಿವಾರ ಮಧ್ಯಾಹ್ನ ಮನೆಗೆ ಬರುತ್ತಾರೆ. ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಚಕ್ಕುಲಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು ಕೂರುತ್ತಾರೆ.